ಹಾರಬಾರದು ಎಂದು ಬರೆದುಕೊಡಲು ನಮೂನೆಯೇ ಇಲ್ಲ

ನಮ್ಮ ವೈದ್ಯರು ಬರೆದುಕೊಡುವ ಮೆಡಿಕಲ್ ಸರ್ಟಿಫಿಕೇಟಿಗೆ ಒಂದು ಅಧಿಕೃತ ನಮೂನೆಯಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡಾವಳಿ ನಿಯಮಗಳ ಎರಡನೇ ಅನುಬಂಧದಲ್ಲಿ ಅದು ಸಿಗುತ್ತದೆ. ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ಗುರುತಿನ ಮಚ್ಚೆ, ಕಾಯಿಲೆಯ ಹೆಸರು, ಇಂಥ ತಾರೀಖಿನಿಂದ ಇಷ್ಟು ದಿನ ಕೆಲಸಕ್ಕೆ ಹೋಗದಿರುವುದು ಅವಶ್ಯಕ ಎಂಬ ಒಕ್ಕಣೆ, ಕೆಳಗೆ ವೈದ್ಯರ ಸಹಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮಗಳನ್ನು ತಂದು ಅದೇ ತಿಂಗಳು ತಡೆಹಿಡಿದದ್ದರಿಂದ ಹಳೆಯ ನಿಯಮಗಳೇ ಮುಂದುವರಿದವು. ನೌಕರರ ರಜೆಗೆಂದು ಮಾಡಿದ ಕಾಗದವಿದು, ಆ ಕೆಲಸಕ್ಕೆ ಸಾಕು. ಕಾಯಿಲೆ ಬಿದ್ದವರ ಕೈಯಲ್ಲಿ ವಿಮಾನದ ಟಿಕೆಟ್ ಇದ್ದಾಗ ಮಾತ್ರ ಸಾಲದು. ವಿಮಾನ ಕಂಪನಿ ಡಾಕ್ಟರ ಚೀಟಿ ಕೇಳುತ್ತದೆ, ಟ್ರಾವೆಲ್ ಇನ್ಶೂರೆನ್ಸಿನವರೂ ಕೇಳುತ್ತಾರೆ. ರೋಗಿಯ ಕೈಗೆ ಬರುವುದು ರಜಾಚೀಟಿ.

ಇವೆರಡರ ನಡುವೆ ಎಷ್ಟು ಅಂತರವಿದೆ ಎಂಬುದು ಕಣ್ಣಿನ ಒಂದು ಶಸ್ತ್ರಚಿಕಿತ್ಸೆಯಿಂದ ಸ್ಪಷ್ಟವಾಗುತ್ತದೆ. ಕಣ್ಣಿನೊಳಗಿನ ರೆಟಿನಾ ಪದರ ಕಳಚಿಕೊಂಡಾಗ ಅದನ್ನು ಮತ್ತೆ ಗೋಡೆಗೆ ಅಂಟಿಸಲು ವೈದ್ಯರು ಕಣ್ಣೊಳಗೆ ಅನಿಲದ ಗುಳ್ಳೆ ತುಂಬುವುದುಂಟು. ಸಲ್ಫರ್ ಹೆಕ್ಸಾಫ್ಲೋರೈಡ್ ಆದರೆ ಅದು ಕರಗಲು ಎರಡು ವಾರವಾದರೂ ಬೇಕು. ಪರ್‌ಫ್ಲೋರೋಪ್ರೊಪೇನ್ ಆದರೆ ಆರರಿಂದ ಎಂಟು ವಾರ. ಅಷ್ಟು ದಿನ ರೋಗಿ ಮನೆಯಲ್ಲಿ ಓಡಾಡುತ್ತಾರೆ, ಊಟ ಮಾಡುತ್ತಾರೆ, ಕೆಲವರು ಮೇಜಿನ ಕೆಲಸಕ್ಕೂ ಹಿಂತಿರುಗುತ್ತಾರೆ. ಆದರೆ ವಿಮಾನ ಹತ್ತುವಂತಿಲ್ಲ. ಮೇಲೇರಿದಂತೆ ಗುಳ್ಳೆ ಹಿಗ್ಗಿ, ಕಣ್ಣಿನ ಒತ್ತಡ ಏರಿ, ದೃಷ್ಟಿಯೇ ಹೋಗಬಹುದು. ಇಂಥವರಿಗೆ ರಜೆಯ ನಮೂನೆಯಲ್ಲಿ ಏನು ಬರೆಯಬೇಕು? ಕೆಲಸಕ್ಕೆ ಹೋಗಬಾರದು ಎಂದು ಬರೆದರೆ ಸುಳ್ಳು. ಕೆಲಸಕ್ಕೆ ಅರ್ಹರು ಎಂದು ಬರೆದರೆ ಟಿಕೆಟ್ಟಿನ ಹಣ ಕೇಳಲು ಆಧಾರವೇ ಉಳಿಯುವುದಿಲ್ಲ.

ವಿಮಾನದೊಳಗಿನ ಗಾಳಿಯನ್ನು ನೆಲದ ಒತ್ತಡಕ್ಕೆ ಸರಿಗಟ್ಟಿರುವುದಿಲ್ಲ. ಸಾಮಾನ್ಯವಾಗಿ ಅದು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಗೆ ಸಮ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 6,300 ಅಡಿಗಳ ಆಸುಪಾಸಿನಲ್ಲಿದೆ. ಮಂಗಳೂರಿನಲ್ಲಿ ವಿಮಾನ ಹತ್ತಿದವರ ದೇಹ ಅರ್ಧ ಗಂಟೆಯೊಳಗೆ ಸಮುದ್ರಮಟ್ಟದಿಂದ ಆ ಶಿಖರಕ್ಕೆ, ಕೆಲವೊಮ್ಮೆ ಅದಕ್ಕಿಂತ ಮೇಲಕ್ಕೆ ಹೋದಂತೆ ವರ್ತಿಸಬೇಕಾಗುತ್ತದೆ. ಆ ಎತ್ತರದಲ್ಲಿ ದೇಹದೊಳಗೆ ಸಿಕ್ಕಿಬಿದ್ದ ಗಾಳಿ ಶೇ 30ರಷ್ಟು ಹಿಗ್ಗುತ್ತದೆ, ರಕ್ತಕ್ಕೆ ಸೇರುವ ಆಮ್ಲಜನಕ ಇಳಿಯುತ್ತದೆ. ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡವರು, ಈಚೆಗೆ ಹೊಟ್ಟೆಯ ಆಪರೇಷನ್ ಆದವರು, ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿರುವವರು, ಕಿವಿಯ ಸೋಂಕಿರುವವರು, ಹೊಸದಾಗಿ ಪ್ಲಾಸ್ಟರ್ ಹಾಕಿಸಿಕೊಂಡವರು ಎಲ್ಲರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಚಿಕನ್‌ಪಾಕ್ಸ್‌ನಂಥ ಅಂಟುರೋಗದವರ ವಿಷಯದಲ್ಲಿ ಪಕ್ಕದ ಸೀಟಿನವರ ಹಿತವೂ ಸೇರಿಕೊಳ್ಳುತ್ತದೆ.

ಇದೆಲ್ಲ ವಿಮಾನ ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಐಯಾಟಾ, ತನ್ನ ವೈದ್ಯಕೀಯ ಕೈಪಿಡಿಯಲ್ಲಿ ಯಾವ ಕಾಯಿಲೆ, ಯಾವ ಆಪರೇಷನ್ ಆದ ಎಷ್ಟು ದಿನಕ್ಕೆ ಹಾರಬಹುದು ಎಂಬ ಪಟ್ಟಿಯನ್ನೇ ಕೊಟ್ಟಿದೆ. ಅದರ ಜೊತೆಗಿರುವುದು ಮೆಡಿಫ್ ಎಂಬ ಅರ್ಜಿ. ಮೊದಲ ಭಾಗವನ್ನು ಪ್ರಯಾಣಿಕರು ತುಂಬಬೇಕು, ಎರಡನೆಯದನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರು. ಕಾಯಿಲೆ ಶುರುವಾದ ದಿನ, ಆಪರೇಷನ್ ತಾರೀಖು, ಆಮ್ಲಜನಕ ಬೇಕೇ, ಒಬ್ಬರೇ ಕೂರಬಲ್ಲರೇ ಎಂಬ ಪ್ರಶ್ನೆಗಳೆಲ್ಲ ಅಲ್ಲಿವೆ. ಕಂಪನಿಯ ವೈದ್ಯರು ಅದನ್ನು ನೋಡಿ ಒಪ್ಪಿಗೆ ಕೊಟ್ಟರೆ ಮಾತ್ರ ಪ್ರಯಾಣ.

ಈ ಅರ್ಜಿ ಬಹಳ ಒಳ್ಳೆಯದು. ಪ್ರಶ್ನೆಗಳು ನೇರ, ವೈದ್ಯರಿಗೆ ಗೊಂದಲವಿಲ್ಲ, ಉತ್ತರ ಓದುವವರು ವಿಷಯ ಬಲ್ಲವರು. ಆದರೆ ಅದು ಹಾರಲು ಹೊರಟವರನ್ನು ತಡೆಯಲೋ ಬಿಡಲೋ ಇರುವ ಅರ್ಜಿ. ಹಾರಬಾರದು ಎಂದು ತಾವಾಗಿಯೇ ಮನೆಯಲ್ಲಿ ಉಳಿದವರಿಗೆ ಅಂಥದೊಂದು ಕಾಗದ ಇಲ್ಲ.

ಅನ್ಯಾಯ ಇರುವುದು ಇಲ್ಲಿಯೇ. ಕಣ್ಣಲ್ಲಿ ಗುಳ್ಳೆ ಇಟ್ಟುಕೊಂಡು ಚೆಕ್-ಇನ್ ಕೌಂಟರಿಗೆ ಬಂದವರನ್ನು ಕಂಪನಿ ವೈದ್ಯಕೀಯ ಕಾರಣ ಕೊಟ್ಟು ಹತ್ತಿಸದೆ ಇರಬಹುದು. ಅದೇ ಕಾರಣಕ್ಕೆ ಅವರು ಬಾರದೇ ಉಳಿದರೆ ಅದೇ ಕಂಪನಿಯ ಪುಸ್ತಕದಲ್ಲಿ ಅವರು ಸ್ವಇಚ್ಛೆಯಿಂದ ಟಿಕೆಟ್ ರದ್ದು ಮಾಡಿದವರು, ಇಲ್ಲವೇ ‘ನೋ ಶೋ’. ವೈದ್ಯಶಾಸ್ತ್ರ ಒಂದೇ, ಕೈಪಿಡಿ ಒಂದೇ. ಕಂಪನಿ ಓದಿದಾಗ ಅದಕ್ಕೆ ಬೆಲೆಯಿದೆ, ರೋಗಿ ಓದಿದಾಗ ಇಲ್ಲ.

ಕ್ಲಿನಿಕ್ಕಿನ ಕಡೆಯ ತೊಂದರೆಗಳನ್ನೂ ನೋಡಬೇಕು. ಕೆಂಪೇಗೌಡ ವಿಮಾನ ನಿಲ್ದಾಣದಿಂದ ನಸುಕಿನಲ್ಲಿ ಹೊರಡುವ ವಿಮಾನಗಳು ಬಹಳ. ರಾತ್ರಿ ಎರಡು ಗಂಟೆಗೆ ವಾಂತಿಭೇದಿ ಹತ್ತಿದವರಿಗೆ ಮೊದಲು ಬೇಕಾದದ್ದು ಡ್ರಿಪ್, ಸರ್ಟಿಫಿಕೇಟಲ್ಲ. ಬೆಳಗ್ಗೆ ಹತ್ತಕ್ಕೆ ಕುಟುಂಬದ ಡಾಕ್ಟರನ್ನು ಕಾಣುವ ಹೊತ್ತಿಗೆ ವಿಮಾನ ಹೋಗಿರುತ್ತದೆ. ಹೊರಡುವ ಮೊದಲಿನ ತಾರೀಖಿನ ಕಾಗದ ಬೇಕು ಎಂದು ಕೇಳಿದರೆ ಪ್ರಾಮಾಣಿಕ ವೈದ್ಯರು ಕೊಡಲಾರರು. 2002ರ ನಿಯಮಗಳ ಪ್ರಕಾರ ಸುಳ್ಳು ಅಥವಾ ದಾರಿತಪ್ಪಿಸುವ ಪ್ರಮಾಣಪತ್ರಕ್ಕೆ ಸಹಿ ಹಾಕಿದವರ ಹೆಸರನ್ನೇ ನೋಂದಣಿ ಪುಸ್ತಕದಿಂದ ತೆಗೆಯಬಹುದು. ಕೊಟ್ಟ ಪ್ರತಿ ಸರ್ಟಿಫಿಕೇಟನ್ನೂ ಅವರು ರಿಜಿಸ್ಟರಿನಲ್ಲಿ ನಮೂದಿಸಿ ಒಂದು ಪ್ರತಿ ಇಟ್ಟುಕೊಳ್ಳಬೇಕು, ತಮ್ಮ ನೋಂದಣಿ ಸಂಖ್ಯೆಯನ್ನು ಅದರ ಮೇಲೆ ಕಾಣಿಸಬೇಕು. ಇಷ್ಟೆಲ್ಲ ಜವಾಬ್ದಾರಿ ಹೊತ್ತವರು ಹಿಂದಿನ ತಾರೀಖು ಹಾಕಲು ಒಪ್ಪದಿದ್ದರೆ ಅವರನ್ನು ದೂರುವಂತಿಲ್ಲ. ತುರ್ತು ವಿಭಾಗದಲ್ಲಿ ಬರೆದ ಚೀಟಿಯಲ್ಲಿ ರೋಗಿ ಬಂದ ಗಂಟೆ, ನಿಮಿಷ ಎಲ್ಲ ಇರುತ್ತದೆ. ನಿಜವಾದ ಸಾಕ್ಷ್ಯ ಅದು. ಕಸ್ಟಮರ್ ಕೇರ್‌ನಲ್ಲಿ ಕೇಳುವುದು ಮಾತ್ರ ಲೆಟರ್‌ಹೆಡ್ ಮತ್ತು ಸೀಲು.

ಇನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಡಿಜಿಸಿಎ. ಟಿಕೆಟ್ ರೀಫಂಡ್ ಬಗ್ಗೆ ಅದರ ನಿಯಮಗಳಲ್ಲಿ 2016ರ ತಿದ್ದುಪಡಿ ಪ್ರಯಾಣಿಕರಿಗೆ ಕೆಲವು ಗಟ್ಟಿ ಹಕ್ಕುಗಳನ್ನು ಕೊಟ್ಟಿತು. ರೀಫಂಡ್ ಇಲ್ಲದ ಟಿಕೆಟ್ ಆದರೂ, ಪ್ರಯಾಣಿಕರು ಬರದೇ ಇದ್ದರೂ, ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಹಿಂತಿರುಗಿಸಲೇಬೇಕು. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್‌ಚಾರ್ಜನ್ನು ಮೀರುವಂತಿಲ್ಲ. ಕಾಯಿಲೆಯ ಮಾತು ಮುನ್ನೆಲೆಗೆ ಬಂದದ್ದು 2025ರ ನವೆಂಬರ್‌ನ ಕರಡಿನಲ್ಲಿ. ವೈದ್ಯಕೀಯ ತುರ್ತಿನಿಂದ ಟಿಕೆಟ್ ರದ್ದಾದರೆ ಕಂಪನಿ ಹಣವನ್ನೋ ಮುಂದಿನ ಟಿಕೆಟ್ಟಿಗೆ ಬಳಸಬಹುದಾದ ಕ್ರೆಡಿಟ್ ಶೆಲ್ಲನ್ನೋ ಕೊಡಬಹುದು ಎಂದು ಅದು ಹೇಳಿತು. ಆ ವಿಷಯವನ್ನು ಎತ್ತಿದ್ದು ಶ್ಲಾಘನೀಯ. ಆದರೆ ಕೊಡುವುದು ಬಿಡುವುದು ಕಂಪನಿಯ ಇಷ್ಟಕ್ಕೆ ಬಿಟ್ಟ ವಾಕ್ಯವದು. ಕೊಡದೇ ಹೋದರೆ ಪ್ರಯಾಣಿಕರು ಯಾವ ಆಧಾರದ ಮೇಲೆ ಜಗ್ಗಿ ಕೇಳಬೇಕು?

ಅಮೆರಿಕದ ಸಾರಿಗೆ ಇಲಾಖೆ 2024ರ ಏಪ್ರಿಲ್‌ನಲ್ಲಿ ಅಂತಿಮಗೊಳಿಸಿದ ನಿಯಮ ಇದಕ್ಕಿಂತ ಕಿರಿದು, ಆದರೆ ಗಟ್ಟಿ. ಗಂಭೀರ ಸಾಂಕ್ರಾಮಿಕ ರೋಗದಿಂದಾಗಿ ಪ್ರಯಾಣ ಬೇಡ ಎಂದು ವೈದ್ಯರು ಹೇಳಿದವರಿಗೆ ಕನಿಷ್ಠ 5 ವರ್ಷ ಬಾಳುವ, ಬೇರೆಯವರಿಗೆ ವರ್ಗಾಯಿಸಬಹುದಾದ ಕ್ರೆಡಿಟ್ ಕೊಡಬೇಕು. ದಾಖಲೆ ಕೇಳುವ ಅಧಿಕಾರ ಕಂಪನಿಗಿದೆ. ಹೃದಯಾಘಾತಕ್ಕೂ ಕಣ್ಣಿನ ಗುಳ್ಳೆಗೂ ಅದು ಉತ್ತರವಲ್ಲ. ವರ್ಗಾಯಿಸುವ ಕ್ರೆಡಿಟ್ ನಮಗೂ ಹೊಸದಲ್ಲ: ಕೋವಿಡ್ ಲಾಕ್‌ಡೌನ್‌ನಲ್ಲಿ ರದ್ದಾದ ಟಿಕೆಟ್ಟುಗಳ ಬಗ್ಗೆ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಒಮ್ಮೆ ಸಾಧ್ಯವಾದದ್ದು ಕಾಯಿಲೆಯವರಿಗೂ ಸಾಧ್ಯ.

ಕರಾವಳಿಯವರಿಗೆ ಈ ಕಾಗದದ ಭಾರ ಇಮ್ಮಡಿ. ಮಂಗಳೂರಿನಿಂದ ದುಬೈ, ಅಬುಧಾಬಿ ಕಡೆಗೆ ಕೆಲಸಕ್ಕೆ ಹೋಗಿಬರುವವರು ರಜೆಗೆ ಊರಿಗೆ ಬಂದಾಗ ಡೆಂಗಿ ಹಿಡಿದು ಹಿಂದಿರುಗುವ ವಿಮಾನ ತಪ್ಪಿತೆನ್ನೋಣ. ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ಮೂರು ಕೆಲಸದ ದಿನಗಳೊಳಗೆ ಮಾಲೀಕರಿಗೆ ಕಾಯಿಲೆಯನ್ನು ತಿಳಿಸಿ ವೈದ್ಯಕೀಯ ವರದಿ ಕೊಡಬೇಕು. ವರ್ಷಕ್ಕೆ 90 ದಿನಗಳ ಕಾಯಿಲೆ ರಜೆಯಲ್ಲಿ ಮೊದಲ 15 ದಿನಕ್ಕೆ ಪೂರ್ತಿ ಸಂಬಳ, ಮುಂದಿನ 30ಕ್ಕೆ ಅರ್ಧ, ಉಳಿದದ್ದಕ್ಕೆ ಏನೂ ಇಲ್ಲ. ಅಲ್ಲಿಗೆ ಬೇಕಾದದ್ದು ರಜೆಯ ಕಾಗದ, ವಿಮಾನ ಕಂಪನಿಗೆ ಬೇಕಾದದ್ದು ಹಾರಬಾರದೆಂಬ ಕಾಗದ, ಗುಣವಾದ ಮೇಲೆ ಹಾರಬಹುದೆಂಬ ಮೂರನೆಯದು. ಜ್ವರದಲ್ಲಿ ಮಲಗಿದವರ ಪರವಾಗಿ ಮನೆಯವರು ಒಂದೇ ಆಸ್ಪತ್ರೆಯ ಒಂದೇ ಕಿಟಕಿಗೆ ಮೂರು ಸಲ ಎಡತಾಕುತ್ತಾರೆ. ಅಷ್ಟಾದರೂ ಟಿಕೆಟ್ಟಿನ ಹಣ ಬರುತ್ತದೆಂಬ ಭರವಸೆ ಇಲ್ಲ.

ಇನ್ಶೂರೆನ್ಸ್ ಮಾಡಿಸಿದವರು ಸ್ವಲ್ಪ ಸುರಕ್ಷಿತರು. ಪಾಲಿಸಿಯಲ್ಲಿ ಪ್ರಯಾಣ ರದ್ದತಿಯ ರಕ್ಷಣೆ ಇದ್ದರೆ ಹಣ ಸಿಗಬಹುದು. ಆದರೆ ಆಸ್ಪತ್ರೆ ವಾಸ ಎನ್ನಲು ಕನಿಷ್ಠ 24 ಗಂಟೆ ಒಳರೋಗಿಯಾಗಿರಬೇಕೆಂಬುದು ವಿಮೆಯ ಸಾಮಾನ್ಯ ವ್ಯಾಖ್ಯೆ. ಹಳೆಯ ಕಾಯಿಲೆ ಉಲ್ಬಣಿಸಿದರೆ ಬೇರೆ ತಕರಾರು. ಕ್ಲೇಮಿಗೆ ವೈದ್ಯರ ಪತ್ರದ ಜೊತೆ, ಎಷ್ಟು ಹಣ ಹಿಂದೆ ಬರಲಿಲ್ಲ ಎಂಬ ವಿಮಾನ ಕಂಪನಿಯ ಪತ್ರವನ್ನೂ ಕೇಳುತ್ತಾರೆ.

ಕಂಪನಿಗಳ ಆಕ್ಷೇಪವೊಂದನ್ನು ತಳ್ಳಿಹಾಕುವಂತಿಲ್ಲ. ಸರ್ಟಿಫಿಕೇಟನ್ನು ಯಾರು ಬೇಕಾದರೂ ತರಬಹುದು, ರೋಗಿಯನ್ನು ನೋಡದೆಯೇ ಬರೆದುಕೊಡುವವರಿದ್ದಾರೆ ಎಂಬ ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಕಳ್ಳ ಕಾಗದಕ್ಕೆ ಅನುಕೂಲ ಮಾಡಿಕೊಡುವುದೇ ಈಗಿನ ಅಸ್ಪಷ್ಟತೆ. ಏನು ಬರೆಯಬೇಕೆಂದು ಗೊತ್ತಿಲ್ಲದ ಕಡೆ ಎರಡು ಸಾಲಿನ ಯಾವ ಚೀಟಿಯೂ ನಡೆಯುತ್ತದೆ. ಪರೀಕ್ಷಿಸಿದ ಗಂಟೆ, ಹೊರಡಬೇಕಿದ್ದ ವಿಮಾನ, ಹಾರಬಾರದ ಅವಧಿ, ಐಯಾಟಾ ಪಟ್ಟಿಯ ಯಾವ ಅಂಶಕ್ಕೆ ಇದು ಸೇರುತ್ತದೆ ಎಂಬುದು, ವೈದ್ಯರ ನೋಂದಣಿ ಸಂಖ್ಯೆ ಇಷ್ಟನ್ನು ಕೇಳುವ ಒಂದೇ ಪುಟದ ನಮೂನೆಯಿದ್ದರೆ ಸುಳ್ಳು ಬರೆಯುವುದು ಕಷ್ಟ, ಪರಿಶೀಲಿಸುವುದು ಸುಲಭ. ಗೋಪ್ಯತೆಯೂ ಉಳಿಯುತ್ತದೆ. ಗರ್ಭಪಾತವಾದ ಹೆಂಗಸು ತನ್ನ ಡಿಸ್ಚಾರ್ಜ್ ಸಮ್ಮರಿಯನ್ನು ಪೂರ್ತಿಯಾಗಿ ಸ್ಕ್ಯಾನ್ ಮಾಡಿ ಗುರುತಿಲ್ಲದ ಇಮೇಲ್ ವಿಳಾಸಕ್ಕೆ ಕಳಿಸಬೇಕಾದ ಸ್ಥಿತಿ ಈಗಿನದು. ಟಿಕೆಟ್ ಹಣಕ್ಕಾಗಿ ಇಷ್ಟು ಬಿಚ್ಚಿಡಬೇಕೆಂದು ಕೇಳುವುದು ತಪ್ಪು. ಕಂಪನಿಯ ವೈದ್ಯರೊಬ್ಬರು ನೋಡಿದರೆ ಸಾಕು.

ಇಂಥ ನಮೂನೆ ಬರೆಯಬಲ್ಲವರು ದೂರದಲ್ಲಿಲ್ಲ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಿಂದ ಬೆಂಗಳೂರಿನಲ್ಲಿದೆ. ಹಾರಾಟದ ವೈದ್ಯಶಾಸ್ತ್ರವನ್ನು ದೇಶಕ್ಕೆ ಕಲಿಸಿದ್ದೇ ಅದು. ಪೈಲಟ್‌ಗಳ ದೇಹದ ಬಗ್ಗೆ ಅಲ್ಲಿ ಕೂಡಿಟ್ಟ ತಿಳಿವಳಿಕೆ ತಾಲ್ಲೂಕು ಆಸ್ಪತ್ರೆಯ ವೈದ್ಯರ ಕೈಗೆ ಒಂದು ಪುಟವಾಗಿ ಬರಬೇಕು. ಡಿಜಿಸಿಎ ಅದನ್ನು ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡಬೇಕು: ತಮ್ಮದೇ ಕೈಪಿಡಿಯ ಪ್ರಕಾರ ಹತ್ತಿಸಿಕೊಳ್ಳಬಾರದಿದ್ದ ಪ್ರಯಾಣಿಕರ ಹಣವನ್ನು ಕಂಪನಿ ಉಳಿಸಿಕೊಳ್ಳುವಂತಿಲ್ಲ.

ಅದು ಆಗುವವರೆಗೆ ಓದುಗರು ಮಾಡಬಹುದಾದದ್ದು ಇಷ್ಟು. ಪೂರ್ತಿ ವಾಸಿಯಾಗಲಿ ಎಂದು ಕಾಯದೆ, ಕಂಪನಿ ಗೊತ್ತುಮಾಡಿದ ಗಂಟೆಯೊಳಗೆ ಟಿಕೆಟ್ ರದ್ದು ಮಾಡಿ. ‘ವಿಶ್ರಾಂತಿ ಬೇಕು’ ಎಂಬ ಸಾಲಿನ ಬದಲು ಇಂಥ ದಿನದಿಂದ ಇಂಥ ದಿನದವರೆಗೆ ವಿಮಾನ ಪ್ರಯಾಣ ಸಲ್ಲದು ಎಂದು ಬರೆದುಕೊಡುವಂತೆ ವೈದ್ಯರನ್ನು ಕೇಳಿ. ತುರ್ತು ವಿಭಾಗದ ಚೀಟಿಯನ್ನು ಬಿಸಾಡಬೇಡಿ. ಆಸ್ಪತ್ರೆಯವರು ದಾಖಲೆ ಕೊಡಲು ಸತಾಯಿಸಿದರೆ ಲಿಖಿತವಾಗಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಅದೇ 2002ರ ನಿಯಮಗಳಲ್ಲಿದೆ.