ವಿಶ್ವನ್ಯಾಯದ ಪಠ್ಯದಲ್ಲಿ ‘ನಾವು’ ಎಂಬ ಪದ

ಊರನ್ನು ಬಿಡದೆ ದೂರದೇಶದ ವಿಶ್ವವಿದ್ಯಾನಿಲಯವೊಂದರ ಸ್ನಾತಕೋತ್ತರ ಪದವಿಯನ್ನು ವ್ಯಾಸಂಗ ಮಾಡುವುದು ಇಂದು ಅಸಾಧ್ಯವಾದುದೇನೂ ಅಲ್ಲ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿದಾಗ ಪಾಠಗಳು ಲಕೋಟೆಯಲ್ಲಿ ಬರುತ್ತಿದ್ದುವು. ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ರೂಪವನ್ನು ತಾಳಿತು. ಈಗ ಪಾಠವು ಅಂತರಜಾಲದಲ್ಲಿ ಕ್ಷಣಮಾತ್ರದಲ್ಲಿ ಬಂದು ಇಳಿಯುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇಂತಹ ಒಂದು ವಿದೇಶೀ ಪದವಿಗೆ ಸೇರಿದರು. ಅವರ ವಿಷಯ ವಿಶ್ವನ್ಯಾಯ. ಅವರು ಓದಬೇಕಾಗಿದ್ದ ಗ್ರಂಥಗಳನ್ನು ಅವರೊಡನೆ ಕುಳಿತು ನಾನೂ ಓದಿದೆನು. ಪ್ರಸ್ತುತ ಲೇಖನವು ಆ ಓದಿನಿಂದ ಹುಟ್ಟಿದುದು. ದರ್ಶನಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಚರಿತ್ರೆಯ ವಿದ್ಯಾರ್ಥಿಯಾಗಿ ಕಂಡುದನ್ನಷ್ಟೇ ಹೇಳುತ್ತೇನೆ.

ಈ ಜ್ಞಾನಶಾಖೆಯ ಪಠ್ಯಪಟ್ಟಿಗಳಲ್ಲಿ ತಪ್ಪದೆ ಕಾಣಿಸುವ ಒಂದು ಪ್ರಬಂಧವುಂಟು. ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯದ ವಿದ್ವಾಂಸರು ಆಕ್ಸ್‌ಫರ್ಡಿನಲ್ಲಿದ್ದಾಗ ಬರೆದು 1972ರಲ್ಲಿ ಪ್ರಕಟಿಸಿದ ‘ಫ್ಯಾಮಿನ್, ಅಫ್ಲುಯೆನ್ಸ್ ಅಂಡ್ ಮೊರಾಲಿಟಿ’ ಎಂಬುದೇ ಅದು. ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಕಂಡವನು ಬಟ್ಟೆ ಕೆಸರಾಗುವುದೆಂದು ಹಿಂಜರಿಯುವುದು ಹೇಗೆ ತಪ್ಪೋ, ಸಾವಿರಾರು ಮೈಲಿಗಳಾಚೆ ಹಸಿದವರಿರುವರೆಂದು ತಿಳಿದೂ ಕೈಕಟ್ಟಿ ಕೂರುವುದು ಹಾಗೆಯೇ ತಪ್ಪು. ದೂರವೆಂಬುದು ಕರ್ತವ್ಯವನ್ನು ಕಡಮೆ ಮಾಡಲಾರದು—ಇದು ಅದರ ಮುಖ್ಯವಾದ. ವಾದವು ಸರಳ, ಬಲವಾದುದು, ಓದಿದವನ ಮನಸ್ಸನ್ನು ಕಲಕತಕ್ಕದ್ದು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ.

ಆದರೆ ಪ್ರಬಂಧದ ಕಾಲವನ್ನು ಗಮನಿಸಬೇಕು. ತಾವು 1971ರ ನವೆಂಬರಿನಲ್ಲಿ ಬರೆಯುತ್ತಿರುವುದಾಗಿ ಲೇಖಕರೇ ಆರಂಭದಲ್ಲಿ ಹೇಳುತ್ತಾರೆ. ಅವರ ಕಣ್ಣ ಮುಂದಿದ್ದುದು ಪೂರ್ವ ಬಂಗಾಳದ ದುರಂತ. ಅಲ್ಲಿಂದ ಭಾರತಕ್ಕೆ ಓಡಿ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರು. ಅವರಿಗಾಗಿ ಬ್ರಿಟನ್, ಆಸ್ಟ್ರೇಲಿಯ ಮೊದಲಾದ ಸಿರಿವಂತ ದೇಶಗಳ ಜನರು ಏನನ್ನು ಕೊಟ್ಟರು, ಏನನ್ನು ಕೊಡಬೇಕಾಗಿತ್ತು ಎಂಬುದು ಅವರ ಪ್ರಶ್ನೆ. ಅದೇ ನವೆಂಬರ್ 15ರಿಂದ ಭಾರತ ಸರ್ಕಾರವು ಅಂಚೆಯ ಮೇಲೆ 5 ಪೈಸೆಗಳ ನಿರಾಶ್ರಿತರ ಪರಿಹಾರ ತೆರಿಗೆಯನ್ನು ವಿಧಿಸಿತು. ಕುಟುಂಬ ಯೋಜನೆಯ ಅಂಚೆಚೀಟಿಯ ಮೇಲೆ ‘ನಿರಾಶ್ರಿತರ ಪರಿಹಾರ’ ಎಂಬರ್ಥದ ಮುದ್ರೆಯನ್ನೊತ್ತಿ ಮೊದಲು ಮಾರಿದರು. ಅನಂತರ ಅದಕ್ಕಾಗಿಯೇ ಬೇರೆ ಚೀಟಿ ಅಚ್ಚಾಗಿ ಬಂದಿತು. ಲಕೋಟೆಗೆ ಈ ಐದು ಪೈಸೆಯ ಚೀಟಿಯನ್ನು ಅಂಟಿಸಲೇಬೇಕಾಗಿತ್ತು. ಕೆಲಸಕ್ಕೆಂದು ಪರವೂರಿಗೆ ಹೋದ ಮಗನಿಗೆ ರಾಂಪುರದಿಂದ ಲಕೋಟೆ ಬರೆಯಿಸಿದ ತಾಯಿ ಯಾರೇ ಆಗಿರಲಿ, ಆಕೆ ಬಂಗಾಳದ ನಿರಾಶ್ರಿತನಿಗೆ ತನ್ನ ಪಾಲನ್ನು ಸಲ್ಲಿಸಿಯೇ ಸಲ್ಲಿಸಿದಳು. ಆಕ್ಸ್‌ಫರ್ಡಿನಲ್ಲಿ ಕರ್ತವ್ಯದ ಜಿಜ್ಞಾಸೆ ನಡೆಯುತ್ತಿದ್ದ ತಿಂಗಳಿನಲ್ಲಿಯೇ ಇಲ್ಲಿ ಅದರ ವಸೂಲಿ ಆರಂಭವಾಗಿತ್ತು.

ಸಿಂಗರರು ಇದನ್ನು ಪೂರ್ತಿಯಾಗಿ ಮರೆತರೆಂದರೆ ಅನ್ಯಾಯವಾದೀತು. ನಿರಾಶ್ರಿತರನ್ನು ಸಾಕಲು ಭಾರತವು ತನ್ನ ಅಭಿವೃದ್ಧಿಯ ಹಣವನ್ನು ತೆಗೆಯಬೇಕಾಗುವುದೆಂದೂ ಅದರಿಂದ ಅದರ ಪ್ರಜೆಗಳೇ ಹಸಿಯುವರೆಂದೂ ಅವರು ಹೇಳಿದ್ದಾರೆ. ಆದರೆ ಅಷ್ಟನ್ನು ಹೇಳಿ ಮುಂದೆ ಸಾಗುತ್ತಾರೆ. ಪ್ರಬಂಧದ ‘ನಾವು’ ಎಂಬ ಪದದೊಳಗೆ ಆ ಪ್ರಜೆಗಳು ಪ್ರವೇಶಿಸುವುದೇ ಇಲ್ಲ. ‘ನಾವು’ ಎಂದರೆ ಕೊಡಬಲ್ಲವರು; ಉಳಿದವರು ಪಡೆಯುವವರು. ಬಡವನು ಬಡವನಿಗೆ ಕೊಟ್ಟುದು, ಅದೂ ದಾನವಾಗಿಯಲ್ಲದೆ ತೆರಿಗೆಯಾಗಿ ಕೊಟ್ಟುದು, ಈ ವಿಭಾಗದಲ್ಲಿ ಎಲ್ಲಿ ಸೇರಬೇಕು?

ಕರ್ನಾಟಕದ ಮಟ್ಟಿಗೆ ಇದು ಐದು ಪೈಸೆಗೆ ಮುಗಿದ ಕಥೆಯೂ ಅಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆನಿಂತುವು, ಅವರಲ್ಲಿ ಕೆಲವರ ಪೌರತ್ವದ ಪ್ರಶ್ನೆ ಮಾತ್ರ ದಶಕಗಳವರೆಗೆ ಎಳೆಯಿತು. ಅದಕ್ಕೂ ಮೊದಲು, 1960ರ ದಶಕದಲ್ಲಿ, ಬೈಲುಕುಪ್ಪೆಯಲ್ಲಿಯೂ ಮುಂಡಗೋಡಿನಲ್ಲಿಯೂ ಟಿಬೆಟಿನ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯವು ನೆಲವನ್ನು ಒದಗಿಸಿತ್ತು. ಕೊಟ್ಟುದರಲ್ಲಿ ಔದಾರ್ಯವೆಷ್ಟು, ರಾಜಕಾರಣವೆಷ್ಟು, ಆ ನೆಲವನ್ನು ಮೊದಲು ಬಳಸುತ್ತಿದ್ದವರು ಯಾರು ಎಂಬ ಪ್ರಶ್ನೆಗಳು ಏಳುತ್ತವೆ, ಏಳಬೇಕು. ವಿಶ್ವನ್ಯಾಯದ ವಿದ್ಯಾರ್ಥಿಗೆ ಇದಕ್ಕಿಂತ ಸಮೃದ್ಧವಾದ ಸಾಮಗ್ರಿ ಎಲ್ಲಿ ದೊರಕೀತು? ನನ್ನ ವಿದ್ಯಾರ್ಥಿಯು ಆ ಅಂಚೆ ತೆರಿಗೆಯನ್ನು ಕುರಿತು ಒಂದು ಪ್ರಬಂಧವನ್ನು ಬರೆದು ಕಳುಹಿಸಿದಾಗ, ಸ್ಥಳೀಯ ವಿವರಗಳು ಸ್ವಾರಸ್ಯವಾಗಿವೆ, ಸಿದ್ಧಾಂತವೆಲ್ಲಿ ಎಂಬ ಅಭಿಪ್ರಾಯದೊಡನೆ ಅದು ಹಿಂದಿರುಗಿತು. ಕೊಳದ ಮಗುವಿನ ದೃಷ್ಟಾಂತವು ಸಿದ್ಧಾಂತವೆನಿಸಿ ಐದು ಪೈಸೆಯ ಚೀಟಿಯು ಬರಿಯ ವಿವರವೆನಿಸುವುದು ಯಾವ ನ್ಯಾಯದಿಂದ ಎಂಬುದು ನನಗೆ ಇನ್ನೂ ತಿಳಿದಿಲ್ಲ.

ನ್ಯಾಯವೆಂಬ ಪದವನ್ನೇ ತೆಗೆದುಕೊಳ್ಳೋಣ. ಅಮರ್ತ್ಯ ಸೇನರು 2009ರ ‘ದಿ ಐಡಿಯ ಆಫ್ ಜಸ್ಟಿಸ್’ ಗ್ರಂಥದಲ್ಲಿ ಸಂಸ್ಕೃತದ ನೀತಿ, ನ್ಯಾಯ ಎಂಬೆರಡು ಶಬ್ದಗಳನ್ನು ಬೇರ್ಪಡಿಸಿ, ನಿಯಮಗಳೂ ಸಂಸ್ಥೆಗಳೂ ಕ್ರಮವಾಗಿರುವುದು ನೀತಿಯೆಂದೂ ಜನರ ಬಾಳಿನಲ್ಲಿ ನಿಜವಾಗಿ ಫಲಿಸಿದುದು ನ್ಯಾಯವೆಂದೂ ವಿವರಿಸಿದ್ದಾರೆ. ಭೇದವು ಉಪಯುಕ್ತವಾದುದೇ. ಆದರೆ ಕನ್ನಡದ ಹಳ್ಳಿಗನಿಗೆ ನ್ಯಾಯವೆಂದರೆ ಮೊದಲು ಜಗಳ, ವ್ಯಾಜ್ಯ. ಆಮೇಲೆ ಅದರ ತೀರ್ಮಾನ. ನ್ಯಾಯಕ್ಕೆ ಕೂರುವುದೆಂದರೆ ಉಭಯ ಕಕ್ಷಿಗಳೂ ಹಿರಿಯರ ಎದುರಿಗೆ ಬಂದು ಮಾತಾಡುವುದು. ಆ ಕಟ್ಟೆಯ ಪಂಚಾಯತಿಯಲ್ಲಿ ಜಾತಿಯೂ ಸ್ಥಾನಮಾನವೂ ಎಷ್ಟು ಮಾತಾಡುತ್ತಿದ್ದುವೆಂಬುದನ್ನು ನಾನು ಮರೆತಿಲ್ಲ. ಹಾಗಿದ್ದರೂ ಒಂದು ಕಕ್ಷಿಯು ಬರದಿದ್ದರೆ ಅದನ್ನು ನ್ಯಾಯವೆಂದು ಯಾರೂ ಕರೆಯಲಾರರು. ಜಗತ್ತಿಗೆಲ್ಲ ಒಂದೇ ಪ್ರಭುತ್ವವಿಲ್ಲದಿರುವಾಗ ಪೂರ್ಣಾರ್ಥದ ವಿಶ್ವನ್ಯಾಯವು ಸಾಧ್ಯವಿಲ್ಲವೆಂದು ಥಾಮಸ್ ನೇಗೆಲ್ 2005ರಲ್ಲಿ ವಾದಿಸಿದರು. ಅವರು ಪ್ರಭುವಿಲ್ಲವೆಂದು ಚಿಂತಿಸಿದರೆ, ನಮ್ಮ ಪದವು ಕಕ್ಷಿದಾರನು ಬಂದಿದ್ದಾನೆಯೇ ಎಂದು ಕೇಳುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಇಂಗ್ಲಿಷಿನ ಪಠ್ಯವು ತಾನಾಗಿ ಎತ್ತುವ ಸಂಭವ ಕಡಮೆ.

ಜಾನ್ ರಾಲ್ಸರ ಕೃತಿಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ; ದೇಶದೊಳಗಿನ ಅಸಮತೆಗೆ ಅವರು 1971ರಲ್ಲಿ ಹೇಳಿದ ಬಿಗಿಯಾದ ತತ್ತ್ವವನ್ನು 1999ರಲ್ಲಿ ದೇಶದೇಶಗಳ ನಡುವೆ ಅನ್ವಯಿಸಲು ಒಪ್ಪಲಿಲ್ಲವೆಂಬುದು ಪ್ರಸಿದ್ಧವೇ ಆಗಿದೆ. ಅವರನ್ನು ಟೀಕಿಸಿದ ಥಾಮಸ್ ಪೋಗ್ಗೆಯವರು ನಮಗೆ ಹೆಚ್ಚು ಸಮೀಪದವರು. ಸಿರಿವಂತ ದೇಶಗಳು ಸಹಾಯ ಮಾಡದಿರುವುದಷ್ಟೇ ಅಲ್ಲ, ವ್ಯಾಪಾರದ ನಿಯಮಗಳ ಮೂಲಕ ಬಡವರಿಗೆ ಹಾನಿಯನ್ನೂ ಮಾಡುತ್ತಿವೆಯೆಂಬುದು ಅವರ 2002ರ ಗ್ರಂಥದ ವಾದ. ಇದನ್ನು ಮೊಳಕಾಲ್ಮೂರಿನ ಮಗ್ಗದ ಮುಂದಿಟ್ಟು ನೋಡೋಣ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಕೇಂದ್ರ ಸರ್ಕಾರವು 2011ರ ಆಯವ್ಯಯದಲ್ಲಿ ಶೇಕಡ 30ರಿಂದ 5ಕ್ಕೆ ಇಳಿಸಿತು. 2013ರಲ್ಲಿ ಶೇಕಡ 15ಕ್ಕೆ ಏರಿಸಿತು. ಸುಂಕವಿಳಿದಾಗ ಚೀನದ ನೂಲು ಅಗ್ಗವಾಗಿ ನೇಕಾರನಿಗೆ ಅನುಕೂಲ. ಆದರೆ ರಾಮನಗರದ ಮಾರುಕಟ್ಟೆಗೆ ಗೂಡನ್ನು ತರುವ ರೈತನ ಬೆಲೆ ಕುಸಿಯುತ್ತದೆ. ಸುಂಕವೇರಿದರೆ ಇದು ತಲೆಕೆಳಗಾಗುತ್ತದೆ. ಇಬ್ಬರೂ ಒಂದೇ ನಾಡಿನವರು, ಇಬ್ಬರೂ ಸಿರಿವಂತರಲ್ಲ. ಆಚೆಯ ಕಡೆಯಿರುವ ಚೀನದ ರೇಷ್ಮೆಗಾರನೂ ಸಿರಿವಂತ ದೇಶದ ಧಣಿಯಲ್ಲ. ಪೋಗ್ಗೆಯವರ ಚೌಕಟ್ಟು ನಿಯಮಗಳ ಕಡೆಗೆ ನಮ್ಮ ಕಣ್ಣನ್ನು ತಿರುಗಿಸುತ್ತದೆ, ಅದು ದೊಡ್ಡ ಉಪಕಾರ. ಆದರೆ ಒಬ್ಬ ಬಡವನ ಹಿತವು ಇನ್ನೊಬ್ಬನ ಹಾನಿಯಾಗುವ ಕಡೆ ಅದು ಮಾತನ್ನು ನಿಲ್ಲಿಸುತ್ತದೆ. ಇಲ್ಲಿ ಮುಂದುವರಿಯಬೇಕಾದವನು ರಾಂಪುರದ ವಿದ್ಯಾರ್ಥಿ.

ದೂರದಿಂದ ಬರುವ ಪಾಠವು ಈ ಸೀಮೆಗೆ ಹೊಸತಲ್ಲ. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕುಶಲವನ್ನು ಕೇಳಿ, ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ, ಗುರುಭಕ್ತಿಗಳನ್ನು ಬೋಧಿಸಬೇಕೆಂದು ಕಳುಹಿಸಿದ ಆಜ್ಞೆ ಅದು. ಭಾಷೆ ಪ್ರಾಕೃತ, ಬರೆದವನಾದ ಚಪಡನು ತನ್ನ ವೃತ್ತಿಯನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಇಸಿಲದ ಜನರು ಇದನ್ನು ಕೇಳಿ ಏನೆಂದರೆಂಬುದಕ್ಕೆ ಬಂಡೆಯಲ್ಲಿ ಸ್ಥಳವಿಲ್ಲ. ಕಳಿಂಗದ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರೆಂದೂ ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದರೆಂದೂ ಪಶ್ಚಾತ್ತಾಪಪಡುವ ಹದಿಮೂರನೆಯ ಶಾಸನವು ಕಳಿಂಗದ ಧೌಲಿ, ಜೌಗಡಗಳಲ್ಲಿ ಇಲ್ಲ. ಅಲ್ಲಿ ಅದರ ಬದಲಿಗೆ ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಸಾರುವ ಪ್ರತ್ಯೇಕ ಶಾಸನಗಳಿವೆ. ನೊಂದವರಿಗೆ ವಾತ್ಸಲ್ಯ, ದೂರದವರಿಗೆ ತಪ್ಪೊಪ್ಪಿಗೆ. ಆ ಪ್ರತ್ಯೇಕ ಶಾಸನಗಳ ಪ್ರತಿಯು 1989ರಲ್ಲಿ ಕಲಬುರಗಿ ಸೀಮೆಯ ಸನ್ನತಿಯಲ್ಲಿಯೂ ದೊರೆಯಿತು.

ಈ ವಿದ್ಯಾರ್ಥಿಗೆ ನಾನು ಕೊಟ್ಟ ಸಲಹೆ ಇಷ್ಟೆ: ಪದವಿಯನ್ನು ಬಿಡಬೇಡಿ, ಸಿಂಗರರನ್ನೂ ಪೋಗ್ಗೆಯವರನ್ನೂ ಮತ್ತೆ ಮತ್ತೆ ಓದಿ, ಮಹಾಪ್ರಬಂಧಕ್ಕೆ ರೇಷ್ಮೆಯ ಸುಂಕವನ್ನು ಆರಿಸಿಕೊಂಡು ನೇಕಾರರ ಮಾತನ್ನೂ ಗೂಡಿನ ರೈತರ ಮಾತನ್ನೂ ಕನ್ನಡದಲ್ಲಿಯೇ ಬರೆದಿಟ್ಟುಕೊಳ್ಳಿ. ಇಂಗ್ಲಿಷಿಗೆ ಆಮೇಲೆ ತರಬಹುದು. ಅವರು ಮೊಳಕಾಲ್ಮೂರಿನ ಮಗ್ಗದ ಮನೆಗಳಿಂದ ಕೆಲಸವನ್ನು ಪ್ರಾರಂಭಿಸಿದ್ದಾರೆ. ರಾಮನಗರಕ್ಕೆ ಇನ್ನೂ ಹೋಗಬೇಕಾಗಿದೆ.