ಒಂದು ಪದ್ಯ ಮನೆಗೆ ತನ್ನಿ

ಕಟೀಲಿನ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ, ಮಳೆಗಾಲದ ಮುಂಚಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಮಂಗಳೂರಿನ ಸುತ್ತಮುತ್ತ ಯಾವುದೋ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಮನೆಯಂಗಳದಲ್ಲೋ ‘ಶ್ರೀ ದೇವಿ ಮಹಾತ್ಮೆ’ ನಡೆಯುತ್ತಲೇ ಇರುತ್ತದೆ. ಹರಕೆ ಹೊತ್ತವರಿಗೆ ಹೆಚ್ಚಾಗಿ ಬೇಕಾಗುವುದು ಅದೇ ಪ್ರಸಂಗ. ಕಥೆ ಎಲ್ಲರಿಗೂ ಬಾಯಿಪಾಠ. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ದೊಂದಿಯ ಬೆಂಕಿಯ ನಡುವೆ ಜನರನ್ನು ಸೀಳಿಕೊಂಡು ಎದುರಿನಿಂದ ಬರುತ್ತಾನೆ ಎಂಬುದು ಮಡಿಲಲ್ಲಿ ಕೂತ ಮಗುವಿಗೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಜನ ಮತ್ತೆ ಮತ್ತೆ ಹೋಗುತ್ತಾರೆ. ಭಕ್ತಿ ಇದೆ, ಒಪ್ಪೋಣ. ಆದರೆ ಆಟ ಮುಗಿದ ಮೇಲೆ, ವರ್ಷಗಳು ಕಳೆದ ಮೇಲೆ, ಹಳೆಯ ಪ್ರೇಕ್ಷಕರಿಬ್ಬರು ಕೂತು ಮಾತಿಗಿಳಿದಾಗ ಏನನ್ನು ನೆನೆಯುತ್ತಾರೆಂದು ಗಮನಿಸಿ. ಕಥೆಯ ಸುದ್ದಿಯೇ ಬರುವುದಿಲ್ಲ. ಯಾವುದೋ ಪದ್ಯವನ್ನು ಹಾಡುಗಾರರಾದ ಭಾಗವತರು ಎತ್ತಿಕೊಂಡ ರೀತಿ, ಅಲ್ಲಿ ಚೆಂಡೆ ಸುಮ್ಮನಾಗಿ ಮದ್ದಳೆಯೊಂದೇ ನುಡಿದದ್ದು, ಎರಡನೆಯ ಸಾಲಿಗೆ ವೇಷಧಾರಿ ಹೆಜ್ಜೆ ಬದಲಿಸಿದ್ದು ಇವೇ ಬರುತ್ತವೆ. ಯಕ್ಷಗಾನದ ಹಾಡಿಕೆಯನ್ನು ಸವಿಯಲು ಕಲಿಯಬೇಕೆನ್ನುವ ಹೊಸಬರು ಪ್ರವೇಶಿಸಬೇಕಾದದ್ದು ಈ ನೆನಪಿನ ಮಾತುಗಳ ಬಾಗಿಲಿನಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ರಾಗಗಳ ಪಟ್ಟಿ, ತಾಳಗಳ ಲೆಕ್ಕ ಆಮೇಲೆ ಬಂದರೂ ಸಾಕು.

ಇದಕ್ಕೆ ಬಲವಾದ ಕಾರಣವಿದೆ. ಯಕ್ಷಗಾನದ ಹಾಡು ಕಾಗದದ ಮೇಲೆ ಇಲ್ಲ. ಪ್ರಸಂಗದ ಪುಸ್ತಕ ತೆರೆದರೆ ಪದ್ಯದ ತಲೆಯ ಮೇಲೆ ರಾಗದ ಹೆಸರು, ತಾಳದ ಹೆಸರು ಅಚ್ಚಾಗಿರುತ್ತದೆ, ಸ್ವರಲಿಪಿ ಇರುವುದಿಲ್ಲ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಇಂದಿಗೂ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಜೀವಾಳವಾಗಿದ್ದರೂ, ಸುಬ್ಬ ಒಂದು ಪದ್ಯವನ್ನು ಯಾವ ಎಳೆತದಲ್ಲಿ ಹೇಳುತ್ತಿದ್ದನೆಂದು ತೋರಿಸುವ ಒಂದು ಗೆರೆಯೂ ಉಳಿದಿಲ್ಲ. ಪುಸ್ತಕದಲ್ಲಿ ‘ಸೌರಾಷ್ಟ್ರ, ತ್ರಿವುಡೆ’ ಎಂದಿದ್ದರೆ ಅದು ಊರಿನ ಹೆಸರು ಹೇಳಿದ ಹಾಗೆ. ಮನೆ ಎಲ್ಲಿದೆಯೆಂದು ಹೋಗಿ ಬಂದವರೇ ಹೇಳಬೇಕು. ಭಾಗವತನಾಗುವವನು ಗುರುವಿನ ಬಳಿ ಕೂತು, ‘ಸಂಗೀತಗಾರ’ನೆಂಬ ಕಿರಿಯ ಭಾಗವತನಾಗಿ ಪೂರ್ವರಂಗದ ಪದ್ಯ ಹೇಳಿ, ವರ್ಷಗಟ್ಟಲೆ ರಾತ್ರಿ ಕಳೆದು ಕಲಿಯುತ್ತಾನೆ. ಹೀಗೆ ಕಂಠದಿಂದ ಕಂಠಕ್ಕೆ ದಾಟುವ ವಿದ್ಯೆಗೆ ಇನ್ನೊಂದು ಆಸರೆ ಕೇಳುವವರ ಕಿವಿ. ಶಿವರಾಮ ಕಾರಂತರು ಹಳೆಯ ಭಾಗವತರನ್ನು ಕೂರಿಸಿ ಹಾಡಿಸಿ ಮರೆಯಾಗುತ್ತಿದ್ದ ರಾಗಗಳನ್ನು ಹುಡುಕಲು ಹೊರಟದ್ದು ಇದೇ ಕಾರಣಕ್ಕೆ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಯಕ್ಷಗಾನ ಬಯಲಾಟ’ದಂಥ ಗ್ರಂಥ ಕೂಡ ನಿಂತಿರುವುದು ಕಂಡವರ, ಕೇಳಿದವರ ನೆನಪಿನ ಮೇಲೆ. ಹಳೆಯ ರಸಿಕನೊಬ್ಬ ಯಾವುದೋ ರಾತ್ರಿಯ ಒಂದು ಪದ್ಯವನ್ನು ವಿವರವಾಗಿ ಹೇಳುತ್ತಿದ್ದಾನೆಂದರೆ, ಈ ಕಲೆಯ ಬರೆಯದ ಪಠ್ಯದ ಒಂದು ಪುಟ ನಿಮ್ಮ ಮುಂದೆ ತೆರೆದಿದೆ ಎಂದೇ ತಿಳಿಯಿರಿ.

ಆದರೆ ಆ ಪುಟ ಓದಲು ಬರಬೇಕಾದರೆ ಒಂದು ಪದ್ಯದ ಒಳಗೆ ಏನೇನು ನಡೆಯುತ್ತದೆಂದು ತಿಳಿದಿರಬೇಕು. ನಮ್ಮ ಕಡೆ ಭಾಗವತರು ಪದ್ಯ ‘ಹಾಡುತ್ತಾರೆ’ ಎನ್ನುವುದಕ್ಕಿಂತ ‘ಹೇಳುತ್ತಾರೆ’ ಎನ್ನುವ ರೂಢಿ ಹೆಚ್ಚು. ಆ ಕ್ರಿಯಾಪದದಲ್ಲೇ ಅರ್ಧ ಪಾಠವಿದೆ. ಪದ್ಯವೆಂದರೆ ಪಾತ್ರದ ಮಾತು. ಅದು ಮೊದಲು ಭಾಗವತರ ಬಾಯಲ್ಲಿ ರಾಗವಾಗಿ ಬಂದು, ಆಮೇಲೆ ವೇಷಧಾರಿಯ ಬಾಯಲ್ಲಿ ಅರ್ಥವಾಗಿ ಬರುತ್ತದೆ. ತೆಂಕಿನ ಭಾಗವತರ ಕೈಯನ್ನು ಒಮ್ಮೆ ನೋಡಿ. ಎಡಗೈಯಲ್ಲಿ ಜಾಗಟೆ, ಬಲಗೈಯಲ್ಲಿ ಕೋಲು. ಪೆಟ್ಟು ಬಿದ್ದ ಮೇಲೆ ಬೆರಳು ಕಂಚಿಗೆ ತಾಗಿಸಿ ನಾದವನ್ನು ತುಂಡರಿಸುತ್ತಾರೆ, ಇಲ್ಲವೆ ಹಾಗೇ ಮೊಳಗಲು ಬಿಡುತ್ತಾರೆ. ಕಣ್ಣು ಮಾತ್ರ ವೇಷದ ಕಾಲ ಮೇಲೆ. ಮೊದಲ ಸಾಲು ಎತ್ತಿಕೊಂಡಾಗ ಮದ್ದಳೆ ಮೆಲ್ಲನೆ ಜೊತೆಗೂಡುತ್ತದೆ. ಶೃಂಗಾರವೋ ಕರುಣವೋ ಆದರೆ ಚೆಂಡೆಯವರು ಕೋಲು ಹಿಡಿದು ಸುಮ್ಮನೆ ನಿಂತಿರುತ್ತಾರೆ. ಆ ಸುಮ್ಮನಿರುವಿಕೆಯೂ ಹಿಮ್ಮೇಳದ ಕೆಲಸವೇ. ಸಾಲು ಮುಗಿದಲ್ಲಿ ಬಿಡ್ತಿಗೆ ಎಂಬ ವಾದ್ಯದ ನುಡಿತ ಬರುತ್ತದೆ, ವೇಷ ಕುಣಿಯುತ್ತದೆ, ಮತ್ತೆ ಸಾಲು. ಕೊನೆಗೆ ಮುಕ್ತಾಯ ಬಿದ್ದ ಕ್ಷಣ ರಂಗಸ್ಥಳ ಒಮ್ಮೆಗೇ ಮೌನವಾಗಿ ಮಾತು ಶುರುವಾಗುತ್ತದೆ. ಆವೇಶದ ಏರುಪದ್ಯವಾದರೆ ಇದೇ ಚೌಕಟ್ಟು ಬಿರುಗಾಳಿಯಾಗುತ್ತದೆ: ಚೆಂಡೆಪೆಟ್ಟಿನ ಮೇಲೆ ಕಂಠ ಏರಬೇಕು, ಅಕ್ಷರ ಮಾತ್ರ ನುಚ್ಚುನೂರಾಗಬಾರದು. ತಾಳವಿಲ್ಲದೆ ಹೇಳುವ ಭಾಮಿನಿ, ವಾರ್ಧಕ ಷಟ್ಪದಿಗಳಲ್ಲಿ ಭಾಗವತರು ರಾಗವನ್ನು ಎಲ್ಲಿ ತಂಗಿಸುತ್ತಾರೆ, ಯಾವ ಪದದ ಮೇಲೆ ಭಾರ ಹಾಕುತ್ತಾರೆ ಎಂಬುದನ್ನೇ ಕೇಳಿದರೆ ಸಾಕು. ತಾಳದ ವಿಷಯದಲ್ಲಿ ಹೆದರಬೇಡಿ. ಏಕಕ್ಕೆ 4, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10 ಅಕ್ಷರ. ಮೊದಲ ತಿಂಗಳು ತ್ರಿವುಡೆಯೊಂದನ್ನೇ ತೊಡೆಯ ಮೇಲೆ ಎಣಿಸಲು ಬಂದರೆ, ಉಳಿದವುಗಳನ್ನು ಕಿವಿ ತಾನಾಗಿ ಬೇರ್ಪಡಿಸಿಕೊಳ್ಳುತ್ತದೆ.

ಇಷ್ಟು ತಿಳಿದವರಿಗೆ ಹಿರಿಯರ ಮಾತಿನಲ್ಲಿ ಬರುವ ಹೆಸರುಗಳು ಬರೀ ಹೆಸರುಗಳಾಗಿ ಉಳಿಯುವುದಿಲ್ಲ. ಬಲಿಪ ನಾರಾಯಣ ಭಾಗವತರನ್ನೇ ತೆಗೆದುಕೊಳ್ಳಿ. 1938ರಲ್ಲಿ ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿ, ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿ, ದಶಕಗಳ ಕಾಲ ಕಟೀಲು ಮೇಳದಲ್ಲಿ ಪದ್ಯ ಹೇಳಿ 2023ರ ಫೆಬ್ರವರಿಯಲ್ಲಿ ತೀರಿಕೊಂಡವರು. ಅವರ ಆಟಗಳನ್ನು ನೆನೆಯುವವರು ಮೊದಲು ಹೇಳುವುದು ಏರುಶ್ರುತಿಯ ಆ ಕಂಠವನ್ನು, ಆಮೇಲೆ ಪುಸ್ತಕ ನೋಡದೆ ಪ್ರಸಂಗಕ್ಕೆ ಪ್ರಸಂಗವನ್ನೇ ಬಾಯಲ್ಲಿಟ್ಟುಕೊಂಡಿದ್ದ ಅವರ ನೆನಪಿನ ಶಕ್ತಿಯನ್ನು. ಐದು ದಿನಗಳ ‘ದೇವಿ ಮಹಾತ್ಮೆ’ಯನ್ನು ರಚಿಸಿದವರೂ ಅವರೇ. ಅಜ್ಜನಿಂದ ಬಂದ ಬಲಿಪ ಶೈಲಿಯಲ್ಲಿ ಪದ್ಯಕ್ಕೆ ಅಲಂಕಾರ ಕಡಿಮೆ, ನಿಲುವು ಹೆಚ್ಚು. ರಾಗವನ್ನು ಬೆಳೆಸುವುದಕ್ಕಿಂತ ಪದ್ಯವನ್ನು ನಿಲ್ಲಿಸುವುದು ಮುಖ್ಯ. ಇದಕ್ಕೆದುರಾಗಿ ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರನ್ನು ಕೇಳಿದವರು ಬೇರೆಯೇ ಮಾತಾಡುತ್ತಾರೆ: ಪದ್ಯದೊಳಗೆ ಸಂಗೀತದ ಸೊಗಸು ಅರಳಿದ್ದು, ಹಿಂದೂಸ್ತಾನಿಯ ಛಾಯೆ ಸುಳಿದದ್ದು, ಹೆಸರಾಂತ ಕಲಾವಿದರ ಅಭಿನಯಕ್ಕೆ ಆ ಕಂಠ ಎಳೆಎಳೆಯಾಗಿ ಹೊಂದಿದ್ದು. ಅವರ ಶಿಷ್ಯ ದಿನೇಶ ಅಮ್ಮಣ್ಣಾಯರಲ್ಲಿ ಆ ದಾರಿ ಮುಂದುವರಿಯಿತು. ಅಗರಿ ಶ್ರೀನಿವಾಸ ಭಾಗವತರ ಹೆಸರಿನ ಅಗರಿ ಶೈಲಿ ಮತ್ತೊಂದು. ಹೊಸಬರಿಗೆ ನನ್ನ ಸಲಹೆ ಇಷ್ಟೆ: ಯಾರು ದೊಡ್ಡವರೆಂದು ಕೇಳಬೇಡಿ. ಒಂದೇ ಪದ್ಯವನ್ನು ಇಬ್ಬರು ಹೇಳಿದಾಗ ಎಲ್ಲಿ ಬೇರೆಯಾಗುತ್ತಿತ್ತೆಂದು ಕೇಳಿ. ಮೊದಲ ಪ್ರಶ್ನೆಗೆ ಪಕ್ಷ ಹುಟ್ಟುತ್ತದೆ, ಎರಡನೆಯದಕ್ಕೆ ಪಾಠ ಸಿಗುತ್ತದೆ.

ನೆನಪನ್ನು ನಂಬಿ ಕಲೆ ಕಲಿಯಬಹುದೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನೆನಪು ಹಿಗ್ಗುತ್ತದೆ. ಇಪ್ಪತ್ತರ ಹರೆಯದಲ್ಲಿ, ಗೆಳೆಯರ ಜೊತೆ, ಚಳಿಯಲ್ಲಿ ಕೂತು ಕೇಳಿದ ಪದ್ಯಕ್ಕೆ ಆ ಹರೆಯದ ಬಿಸುಪೂ ಸೇರಿಕೊಂಡಿರುತ್ತದೆ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ನೆನಪುಗಳೆಲ್ಲ ಒಂದೇ ಜಾತಿಯವಲ್ಲ. ‘ಅಂಥ ಆಟ ಇನ್ನು ಕಾಣಲಿಕ್ಕಿಲ್ಲ’ ಎನ್ನುವ ನೆನಪಿನಿಂದ ಕಿವಿಗೆ ಏನೂ ದಕ್ಕುವುದಿಲ್ಲ. ಅದು ಹೇಳುವವರ ಮನಸ್ಸಿನ ಸುದ್ದಿ. ‘ಇಂಥ ಪ್ರಸಂಗದ ಇಂಥ ಪದ್ಯ, ಝಂಪೆಯಲ್ಲಿ ನಿಧಾನಕ್ಕೆ ಎತ್ತಿ, ಮೂರನೆಯ ಸಾಲಿಗೆ ಕಾಲ ಏರಿಸಿದರು, ಅಲ್ಲಿಂದ ಚೆಂಡೆ ಹಿಡಿಯಿತು’ ಎನ್ನುವ ನೆನಪು ಸಾಕ್ಷಿ. ಸಾಕ್ಷಿಯನ್ನು ಪರೀಕ್ಷಿಸಬಹುದು. ಅದೇ ರಾತ್ರಿ ಅಲ್ಲಿದ್ದ ಇನ್ನೊಬ್ಬರು ‘ಇಲ್ಲ, ಅದು ಅಷ್ಟತಾಳ’ ಎಂದು ತಕರಾರು ತೆಗೆಯುತ್ತಾರೆ, ಇಬ್ಬರೂ ಗುನುಗಿ ತೋರಿಸುತ್ತಾರೆ, ತಾಳ ಹಾಕಿ ಎಣಿಸುತ್ತಾರೆ. ಅವರಲ್ಲಿ ಯಾರು ಸರಿಯೆಂಬುದು ತೀರ್ಮಾನವಾಗದೆ ಹೋದರೂ, ಪಕ್ಕದಲ್ಲಿ ಕೂತ ಹೊಸಬರಿಗೆ ಝಂಪೆಗೂ ಅಷ್ಟಕ್ಕೂ ಇರುವ ವ್ಯತ್ಯಾಸ ಅಷ್ಟರಲ್ಲಿ ಕಿವಿಗೆ ಹತ್ತಿರುತ್ತದೆ. ಹಾಗಾಗಿ ನೆನಪು ಹೇಳುವವರು ಉತ್ಸಾಹದಲ್ಲಿ ಏರಿದಾಗ ಮೆಲ್ಲನೆ ‘ಯಾವ ಪದ್ಯ?’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ನಿಜವಾಗಿ ಕೇಳಿದವರು ಆ ಪ್ರಶ್ನೆಗೆ ಖುಷಿಪಡುತ್ತಾರೆ.

ಇನ್ನೊಂದು ಆಕ್ಷೇಪ ಈ ಕಾಲದ್ದು. ಮೊಬೈಲಿನಲ್ಲಿ ಸಾವಿರಾರು ಆಟಗಳಿರುವಾಗ ನೆನಪಿನ ಹಂಗೇಕೆ? ಧ್ವನಿಮುದ್ರಣವನ್ನು ಹಳಿಯುವ ಮಾತೇ ಇಲ್ಲ. ಕ್ಯಾಸೆಟ್ಟಿನ ಕಾಲ ಬಾರದಿದ್ದರೆ ಎಷ್ಟೋ ಕಂಠಗಳು ನಮಗೆ ಕಥೆಯಾಗಿ ಮಾತ್ರ ಉಳಿಯುತ್ತಿದ್ದವು. ಆದರೆ ಮುದ್ರಣದಲ್ಲಿ ಏನು ಉಳಿಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಭಾಗವತರ ಬಾಯೆದುರಿನ ಮೈಕಿನಿಂದ ತೆಗೆದ ಧ್ವನಿಯಲ್ಲಿ ಕಂಠ ದೊಡ್ಡದಾಗಿ, ಮದ್ದಳೆಯ ಎಡಬಲದ ಸೂಕ್ಷ್ಮ ಕರಗಿಹೋಗುತ್ತದೆ. ಪ್ರೇಕ್ಷಕರ ನಡುವಿನಿಂದ ಹಿಡಿದ ಚಿತ್ರದಲ್ಲಿ ಕ್ಯಾಮೆರಾ ವೇಷದ ಹಿಂದೆ ಓಡಿ, ಭಾಗವತರ ಕಣ್ಣು ತಪ್ಪಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತೆಂಕಿನ ಭಾಗವತರು ರಂಗದ ನಿರ್ದೇಶಕರೂ ಹೌದು. ವೇಷಧಾರಿ ದಣಿದಿದ್ದಾನೆಯೇ, ಜನ ಕಾತರದಲ್ಲಿದ್ದಾರೆಯೇ, ಬೆಳಗಾಗಲು ಎಷ್ಟು ಹೊತ್ತಿದೆ ಎಂದು ನೋಡಿ ಅವರು ಪದ್ಯವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ಕೆಲವನ್ನು ಬಿಟ್ಟೇ ಬಿಡುತ್ತಾರೆ. ಆ ತೀರ್ಮಾನ ಯಾಕಾಯಿತೆಂದು ಅಲ್ಲಿದ್ದವರಿಗೆ ಮಾತ್ರ ಗೊತ್ತು. ಐದು ನಿಮಿಷದ ತುಣುಕಿನಲ್ಲಿ ಪದ್ಯ ಸಿಗುತ್ತದೆ, ಅದಕ್ಕೆ ಮೊದಲು ಮೂರು ಗಂಟೆ ಕಾದ ರಾತ್ರಿ ಸಿಗುವುದಿಲ್ಲ. ಮುದ್ರಣವನ್ನು ಆಟಕ್ಕೆ ಹೋಗಿ ಬಂದ ಮೇಲೆ ಕೇಳಿ. ನಿಮ್ಮ ನೆನಪು ಎಲ್ಲಿ ತಪ್ಪಿತ್ತೆಂದು ತಿದ್ದಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಮೂರನೆಯ ಆಕ್ಷೇಪವನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹಳೆಯದನ್ನೇ ನೆನೆಯುವವರ ನಡುವೆ ಬೆಳೆದ ಕಿವಿ ಹೊಸ ಭಾಗವತರಿಗೆ ಮುಚ್ಚಿಹೋಗುವುದಿಲ್ಲವೇ? ಹೋಗಬಹುದು, ಹೋಗಿದ್ದೂ ಇದೆ. ಇದಕ್ಕೆ ಮದ್ದೂ ನೆನಪಿನಲ್ಲೇ ಇದೆ, ಪೂರ್ತಿಯಾಗಿ ನೆನೆದರೆ. ಇಂದು ಹಳೆಯ ಸೊಗಸೆಂದು ಕೊಂಡಾಡುವ ಮಂಡೆಚ್ಚರ ಹಾಡಿಕೆ ಅದರ ಕಾಲಕ್ಕೆ ಹೊಸತೇ ಆಗಿತ್ತು. ಧರ್ಮಸ್ಥಳ ಮೇಳದಲ್ಲಿ ಬಹುಕಾಲ ಪದ್ಯ ಹೇಳಿ ತೆಂಕಿನ ಜನರ ಮನಸ್ಸು ಗೆದ್ದ ಕಡತೋಕಾ ಮಂಜುನಾಥ ಭಾಗವತರು ಬಂದದ್ದು ಬಡಗಿನ, ಅಂದರೆ ಉತ್ತರದ ಶೈಲಿಯ, ನೆಲವಾದ ಉತ್ತರ ಕನ್ನಡದಿಂದ. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಜಾಗಟೆ ಹಿಡಿದು ವೃತ್ತಿಮೇಳದ ರಂಗಸ್ಥಳಕ್ಕೆ ಬಂದಾಗ, ಹೆಂಗಸಿನ ಕಂಠಕ್ಕೆ ಚೆಂಡೆಯ ಎದುರು ನಿಲ್ಲುವ ಕಸುವಿದೆಯೇ ಎಂಬುದೇ ಪ್ರಶ್ನೆಯಾಗಿತ್ತು. ಪತಿ ಹರಿನಾರಾಯಣ ಬೈಪಾಡಿತ್ತಾಯರ ಚೆಂಡೆ ಮದ್ದಳೆಯ ಜೊತೆಗೆ ಅವರು ಅದಕ್ಕೆ ಉತ್ತರ ಕೊಟ್ಟದ್ದು ರಾತ್ರಿಯಿಡೀ ಪದ್ಯ ಹೇಳಿಯೇ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ, ಅವರ ಏರುಪದ್ಯಗಳು ರಸಿಕರ ನೆನಪಿನಲ್ಲಿ ಗಟ್ಟಿಯಾಗಿ ಊರಿಕೊಂಡಿದ್ದವು. ಹಾಗೆಂದು ಎಲ್ಲ ಬದಲಾವಣೆಯೂ ಲಾಭವೇ ಎನ್ನಲಾರೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮ, ಮರುದಿನದ ಕೆಲಸ, ನಿದ್ದೆ ಎಲ್ಲ ಸೇರಿ ಕಾಲಮಿತಿಯ ಆಟಗಳು ಹೆಚ್ಚಿದವು. ಸಂಜೆ ಬಂದು ಹೊತ್ತಿಗೆ ಮನೆ ಸೇರಬಹುದೆಂಬುದು ಹೊಸಬರಿಗೆ, ಮುಖ್ಯವಾಗಿ ಮಕ್ಕಳಿರುವ ಮನೆಯವರಿಗೆ, ದೊಡ್ಡ ಅನುಕೂಲ. ಆದರೆ ಮೊದಲು ಕತ್ತರಿ ಬೀಳುವುದು ನಿಧಾನದ ಪದ್ಯಗಳಿಗೆ. ನಡುರಾತ್ರಿ ದಾಟಿದ ಮೇಲೆ ಮುಖ್ಯ ಭಾಗವತರು ಬಂದು ಕೂರುವಾಗ ರಂಗಸ್ಥಳದ ಗಾಳಿಯೇ ಬದಲಾಗುತ್ತಿತ್ತಲ್ಲ, ಆ ಏರಿಕೆಯನ್ನು ನಾಲ್ಕೈದು ಗಂಟೆಯಲ್ಲಿ ಕಟ್ಟುವುದು ಬಹಳ ಕಷ್ಟ. ವರ್ಷಕ್ಕೆ ಒಂದಾದರೂ ಇಡೀ ರಾತ್ರಿಯ ಆಟ ಸಿಕ್ಕಿದರೆ ಬಿಡಬೇಡಿ.

ಹೋದಾಗ ಎಲ್ಲಿ ಕೂರಬೇಕು? ಎದುರಿನ ನಡುವಿನ ಸಾಲು ವೇಷ ನೋಡುವವರಿಗೆ ಒಳ್ಳೆಯದು. ಹಾಡಿಕೆ ಕಲಿಯುವವರು ಸ್ವಲ್ಪ ಪಕ್ಕಕ್ಕೆ, ಭಾಗವತರ ಮುಖವೂ ಮದ್ದಳೆಯವರ ಕೈಯೂ ಕಾಣುವಲ್ಲಿ, ಧ್ವನಿವರ್ಧಕದ ಪೆಟ್ಟಿಗೆಯಿಂದ ದೂರ ಕೂರಲಿ. ಇಡೀ ಆಟವನ್ನು ತಲೆಯಲ್ಲಿ ತುಂಬಿಕೊಳ್ಳಲು ಹೊರಟರೆ ಏನೂ ಉಳಿಯುವುದಿಲ್ಲ. ಒಂದು ಪದ್ಯ ಆರಿಸಿಕೊಳ್ಳಿ. ಅದರ ಸಂದರ್ಭ, ತಾಳ, ಚೆಂಡೆ ಎಲ್ಲಿ ಸೇರಿತು, ಎಲ್ಲಿ ಬಿಟ್ಟಿತು, ಮುಕ್ತಾಯಕ್ಕೆ ವೇಷ ಎಲ್ಲಿ ನಿಂತಿತ್ತು ಇಷ್ಟನ್ನು ಮನೆಗೆ ತಂದು ಮರುದಿನ ಯಾರಿಗಾದರೂ ಹೇಳಿ. ಹೇಳಲು ಹೊರಟಾಗಲೇ ಏನನ್ನು ಸರಿಯಾಗಿ ಕೇಳಿಸಿಕೊಂಡಿಲ್ಲವೆಂದು ತಿಳಿಯುತ್ತದೆ, ಮುಂದಿನ ಆಟಕ್ಕೆ ಕಿವಿ ಅಲ್ಲಿಗೇ ಹೋಗುತ್ತದೆ. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಬಯಲಾಟ ನಿಂತರೂ ಪಾಠ ನಿಲ್ಲಬೇಕಾಗಿಲ್ಲ. ಮಂಗಳೂರಿನ ಪುರಭವನದಲ್ಲಿ, ದೇವಸ್ಥಾನಗಳ ಸಭಾಂಗಣಗಳಲ್ಲಿ ತಾಳಮದ್ದಳೆಯ ಕೂಟಗಳು ಶುರುವಾಗುತ್ತವೆ. ಅಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ; ಅರ್ಥಧಾರಿಗಳ ನಡುವೆ ಹಿಮ್ಮೇಳ ಕೈಗೆಟಕುವಷ್ಟು ಹತ್ತಿರ ಕೂತಿರುತ್ತದೆ. ಜನ ಮಾತಿನ ಚಮತ್ಕಾರಕ್ಕೆ ಬಂದಿರುತ್ತಾರೆ, ನೀವು ಪದ್ಯಕ್ಕೆ ಬನ್ನಿ. ಪಕ್ಕದ ಕುರ್ಚಿಯಲ್ಲಿ ತೊಡೆಯ ಮೇಲೆ ಬೆರಳಾಡಿಸುತ್ತ ಕೂತ ಹಿರಿಯರು ಸಿಕ್ಕೇ ಸಿಗುತ್ತಾರೆ. ವಿರಾಮದಲ್ಲಿ ಚಹಾಕ್ಕೆ ಎದ್ದಾಗ ಅವರ ಹತ್ತಿರ ಹೋಗಿ, ಈಗ ಹೇಳಿದ ಪದ್ಯವನ್ನು ಹಿಂದೆ ಯಾರ ಬಾಯಲ್ಲಿ ಕೇಳಿದ್ದೀರಿ, ಅವರು ಎಲ್ಲಿಂದ ಎತ್ತುತ್ತಿದ್ದರು ಎಂದು ಕೇಳಿ.