ಯಾಕೆ ತೆಗೆದರು?

ಕರ್ನಾಟಕದ ರಣಜಿ ತಂಡ ಪ್ರಕಟವಾದಾಗ ನಾನು ಮೊದಲು ಹುಡುಕೋದು ಇಲ್ಲದ ಹೆಸರುಗಳನ್ನ. ಪೇಪರಿನಲ್ಲಿ ತಂಡದ ಪಟ್ಟಿ ಬರುತ್ತೆ, ಕೈಬಿಟ್ಟವರ ಬಗ್ಗೆ ಎಷ್ಟೋ ಸಲ ಒಂದು ಸಾಲೂ ಇರಲ್ಲ.

ಕರುಣ್ ನಾಯರ್ ವಿಷಯವನ್ನೇ ತಗೊಳ್ಳಿ. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದವರು. 2022ರಲ್ಲಿ ಕರ್ನಾಟಕ ತಂಡದಲ್ಲೂ ಜಾಗ ಹೋಯ್ತು. ರನ್ನು ಮೊದಲಿನ ಹಾಗೆ ಬರ್ತಿರಲಿಲ್ಲ, ನಿಜ. ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಎಂಟು ಇನಿಂಗ್ಸ್, ಐದು ಶತಕ, 779 ರನ್. ಔಟಾದದ್ದು ಎರಡೇ ಸಲ! ಅದೇ ಸೀಸನ್ನಿನ ರಣಜಿ ಫೈನಲ್‌ನಲ್ಲಿ ಕೇರಳದ ಮೇಲೆ 86 ಮತ್ತು 135, ಕಪ್ಪು ವಿದರ್ಭಕ್ಕೆ.

ಹಾಗಂತ ಆಯ್ಕೆಗಾರರನ್ನು ಬೈದು ಮುಗಿಸೋಕಾಗಲ್ಲ. ವಿಜಯ್ ಹಜಾರೆ ಫೈನಲ್‌ನಲ್ಲಿ ಇದೇ ವಿದರ್ಭವನ್ನು ಸೋಲಿಸಿದ್ದು ಕರ್ನಾಟಕ, ಶತಕ ಹೊಡೆದದ್ದು ಹೊಸ ಹುಡುಗ ಆರ್. ಸ್ಮರಣ್. ಹೊಸಬರಿಗೆ ಜಾಗ ಬೇಕು ಅಂದರೆ ಹಳಬರು ಯಾರಾದರೂ ಏಳಲೇಬೇಕು. ನನ್ನ ತಕರಾರು ತೆಗೆದದ್ದಕ್ಕಲ್ಲ, ಕಾರಣ ಹೇಳದೆ ತೆಗೆಯೋದಕ್ಕೆ.

ಕರುಣ್‌ಗೆ ಹೋಗೋಕೆ ಇನ್ನೊಂದು ರಾಜ್ಯವಿತ್ತು. ನಮ್ಮ ಸಂತೆಬಾಚಹಳ್ಳಿ ಕಡೆಯ ಹುಡುಗನಿಗೆ ಎಲ್ಲಿದೆ? ಹೋದ ವರ್ಷ ಒಬ್ಬ ಮೈಸೂರಿಗೆ ಸೆಲೆಕ್ಷನ್‌ಗೆ ಹೋಗಿದ್ದ. ನಾಲ್ಕು ಬಾಲ್ ಆಡಿಸಿ ಕಳಿಸಿದರಂತೆ. ರಾತ್ರಿ ಬಸ್ಸಿಳಿದು ಕಿಟ್ ಹೊತ್ತುಕೊಂಡು ಬರ್ತಿದ್ದವನನ್ನ ಏನಾಯ್ತು ಅಂದೆ.

“ಬ್ಯಾಡ ಅಂದ್ರು. ಕಾಲು ಸರಿಯಾಗಿ ಇಡ್ತಿಲ್ವೋ, ಕೈಯೇ ಸರಿಯಿಲ್ವೋ, ಅದ್ನಾದ್ರೂ ಯೋಳ್ಬೋದಿತ್ತಲ್ವಾ ಅಣ್ಣ?”